ಬಿಬಿಸಿ ಮೈಕ್ರೋ ಪರದೆ ಮೇಲೆ ಅವ್ವನ ಕಸೂತಿ ತೇರು

ಮೊದ್ಲೇ ಹೇಳಿಬಿಡ್ತೀನಿ, ನಾನು ಗೇಮ್ ಬರೆಯೋನಲ್ಲ. ಹೊಟ್ಟೆಪಾಡಿಗೆ ಮಾಡೋದು ಬ್ಯಾಂಕ್ ಸಾಫ್ಟ್‌ವೇರ್ ಕೆಲಸ, ಅಲ್ಲಿ ಒಂದು ಬೈಟ್ ಮೆಮೊರಿಯಲ್ಲಿ ಎಲ್ಲಿ ಹೋಗಿ ಕೂರುತ್ತೆ ಅಂತ ಯಾರೂ ಕೇಳಲ್ಲ, ಕೇಳಿದ್ರೆ ನನಗೂ ಗೊತ್ತಿಲ್ಲ. ಹೋದ ಮಳೆಗಾಲದಲ್ಲಿ ಇಂಗ್ಲೆಂಡಿಂದ ಬಂದ ಗೆಳೆಯ ಒಬ್ಬ ಸೂಟ್‌ಕೇಸ್‌ನಲ್ಲಿ ಟವೆಲ್ ಸುತ್ತಿ ಒಂದು ಬಿಬಿಸಿ ಮೈಕ್ರೋ ಮಾಡೆಲ್ ಬಿ, ಅಂದ್ರೆ ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರ್, ತಂದುಕೊಟ್ಟ, ಅದರ ಪರದೆ ಮೇಲೆ ಅವ್ವ ಹಾಕೋ ಕಸೂತಿ ತೇರನ್ನ ಓಡಿಸಬೇಕು ಅಂತ ತಲೆಗೆ ಹೊಕ್ಕಿತು, ಅಷ್ಟೇ, ಮೂರು ತಿಂಗಳ ಶನಿವಾರ ಭಾನುವಾರ ಹೋದ್ವು.

ಬಿಬಿಸಿ ಮೈಕ್ರೋನೇ ಯಾಕೆ ಅಂದ್ರೆ ನಾನು ಮುಟ್ಟಿದ ಮೊದಲ ಕಂಪ್ಯೂಟರ್ ಅದೇ. 1984ರಲ್ಲಿ ಕೇಂದ್ರ ಸರ್ಕಾರದವರು ಕ್ಲಾಸ್ ಅಂತ ಒಂದು ಪ್ರಾಜೆಕ್ಟ್ ಶುರು ಮಾಡಿ, ಮೊದಲ ಹಂತದಲ್ಲಿ 250 ಶಾಲೆಗೆ ಈ ಮೆಷಿನ್ ಕೊಟ್ಟಿದ್ರು, ಆಮೇಲೆ ಇನ್ನಷ್ಟು ಶಾಲೆಗೆ ಬಂತು. ನಮ್ಮ ಹೈಸ್ಕೂಲಲ್ಲಿ ಕಂಪ್ಯೂಟರ್ ರೂಮಿನ ಹೊರಗೆ ಚಪ್ಪಲಿ ಬಿಡಬೇಕಿತ್ತು, ಥೇಟ್ ಗುಡಿ ಥರ, ಮತ್ತೆ ವಾರಕ್ಕೊಮ್ಮೆ ನಾಲ್ಕು ಹುಡುಗರಿಗೆ ಒಂದು ಕೀಬೋರ್ಡ್. ನನ್ನ ಪಾಲಿಗೆ ಬರ್ತಿದ್ದಿದ್ದು ರಿಟರ್ನ್ ಕೀ ಒತ್ತೋ ಕೆಲಸ. ಆ ಸಿಟ್ಟು ಇನ್ನೂ ಇತ್ತು ಅನ್ಸುತ್ತೆ.

ಆನ್ ಮಾಡೋಕೆ ಮುಂಚೆ ಪವರ್ ಸಪ್ಲೈ ಬಿಚ್ಚಿ ಒಳಗಿನ ಹಳೇ ಫಿಲ್ಟರ್ ಕೆಪಾಸಿಟರ್‌ಗಳನ್ನ ಬದಲಾಯಿಸಿದೆ. ಆ ಕಾಲದ ಕಾಗದದ ಕೆಪಾಸಿಟರ್‌ಗಳಿಗೆ ವಯಸ್ಸಾದ್ರೆ ಮೈ ಬಿರುಕು ಬಿಡುತ್ತೆ, ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಮನೆ ತುಂಬ ಹೊಗೆ. ಕಾಂಪೊಸಿಟ್ ವಿಡಿಯೋದಲ್ಲಿ ಬರೀ ಬೂದು ಬಣ್ಣ ಬಂತು, ಕೆಟ್ಟಿದೆ ಅಂದ್ಕೊಂಡೆ, ಕೆಟ್ಟಿಲ್ಲ, ಬೋರ್ಡ್ ಮೇಲೆ ಒಂದು ಲಿಂಕ್ ಹಾಕದಿದ್ರೆ ಅದು ಬರೋದೇ ಹಾಗೆ. ಆರ್‌ಜಿಬಿ ವೈರ್ ಎಳೆದು ಹಳೇ ಟಿವಿಗೆ ಕೊಟ್ಟೆ, ಬಣ್ಣ ಬಂತು.

ಈಗ ವಿಷಯಕ್ಕೆ ಬರ್ತೀನಿ. ಇದರಲ್ಲಿ ಒಟ್ಟು ರ್‍ಯಾಮ್ 32 ಕೆ (ಕಿಲೋಬೈಟ್), ಪರದೆಗೆ ಅಂತ ಬೇರೆ ಮೆಮೊರಿ ಇಲ್ಲ, ಅದೇ 32 ಕೆ ಒಳಗೇ ತುದಿಯಿಂದ ಒಂದು ತುಂಡು ಪರದೆಗೆ ಹೋಗುತ್ತೆ. ಪರದೆಗೆ ಬೇರೆ ಬೇರೆ ಮೋಡ್ ಇವೆ, ಮೋಡ್ 1 ಅಂದ್ರೆ 320 ಅಡ್ಡ 256 ಉದ್ದ, ನಾಲ್ಕು ಬಣ್ಣ, ಚೆನ್ನಾಗಿದೆ, ಆದ್ರೆ 20 ಕೆ ನುಂಗುತ್ತೆ, ಡಿಸ್ಕ್ ಸಿಸ್ಟಮ್ ತನ್ನ ಪಾಲು ತಗೊಂಡ ಮೇಲೆ ಪ್ರೋಗ್ರಾಮಿಗೆ ಉಳಿಯೋದು 5888 ಬೈಟ್. ನಾನು ಬರೆಯೋ ಅಡ್ಡಾದಿಡ್ಡಿ ಕೋಡಿಗೆ ಅದು ಸಾಲಲ್ಲ. ಮೋಡ್ 5ಕ್ಕೆ 10 ಕೆ ಸಾಕು, ನಾಲ್ಕು ಬಣ್ಣಾನೂ ಇದೆ, ಆದ್ರೆ ಅಡ್ಡಕ್ಕೆ 160 ಪಿಕ್ಸೆಲ್ ಮಾತ್ರ, ಅಂದ್ರೆ ಪ್ರತಿ ಪಿಕ್ಸೆಲ್ಲೂ ಎತ್ತರಕ್ಕಿಂತ ಎರಡರಷ್ಟು ಅಗಲ, ಇಟ್ಟಿಗೆ ಥರ. ತೇರು ಚಪ್ಪಟೆಯಾಗಿ ಕೂತ ಎತ್ತಿನ ಗಾಡಿ ಥರ ಕಾಣುತ್ತೆ ಅಂತ ಮೊದ್ಲು ಮೋಡ್ 5 ಬಿಟ್ಟಿದ್ದೆ. ಒಂದಿನ ಬಸ್ಸಲ್ಲಿ ಹೋಗ್ತಾ ಹೊಳೀತು, ಒಂದು ಹೊಲಿಗೆಗೆ ಒಂದು ಪಿಕ್ಸೆಲ್ ಅಗಲ, ಎರಡು ಗೆರೆ ಎತ್ತರ ಅಂತ ಲೆಕ್ಕ ಹಿಡಿದ್ರೆ ಚೌಕ ಆಯ್ತಲ್ಲ! 160 ಅಡ್ಡ, 128 ಉದ್ದ ಹೊಲಿಗೆ. ಮೋಡ್ 5ರ ಪರದೆ ಶುರುವಾದಾಗ ಕಪ್ಪು, ಕಸೂತಿ ಮೊದಲಿಂದ ಹಾಕ್ತಿದ್ದಿದ್ದೂ ಕಪ್ಪು ಚಂದ್ರಕಾಳಿ ಸೀರೆ ಮೇಲೆ, ಉಳಿದ ಮೂರು ಬಣ್ಣ ಕೆಂಪು, ಹಳದಿ, ಬಿಳಿ. ಇದಕ್ಕಿಂತ ಇನ್ನೇನು ಬೇಕು.

ಮೋಡ್ 5ರಲ್ಲಿ ಪರದೆ ಮೆಮೊರಿ ಶುರುವಾಗೋದು 22528ನೇ ಅಡ್ರೆಸ್ಸಿಂದ, ಮುಗಿಯೋದು 32767ಕ್ಕೆ. ಇದರ ಪ್ರೋಗ್ರಾಮಿಂಗ್ ಭಾಷೆ ಬಿಬಿಸಿ ಬೇಸಿಕ್‌ನಲ್ಲಿ ಮೆಮೊರಿಗೆ ನೇರ ಬರೆಯೋ ಪೋಕ್ ಅನ್ನೋ ಪದ ಇಲ್ಲ, ಪ್ರಶ್ನೆ ಚಿಹ್ನೆ ಹಾಕಿದ್ರೆ ಆಯ್ತು. ?22528=15 ಅಂತ ಹೊಡೆದೆ, ಎಡ ಮೂಲೇಲಿ ಪ್ರಾಂಪ್ಟಿನ ತಲೆ ಮೇಲೆ ಪುಟ್ಟ ಕೆಂಪು ಗೆರೆ ಮೂಡಿತು. ಖುಷಿಯಾಗಿ ?22529=15 ಹೊಡೆದೆ. ಪಕ್ಕಕ್ಕೆ ಬರುತ್ತೆ ಅಂದ್ಕೊಂಡಿದ್ದೆ, ಅದು ಬಂದಿದ್ದು ಕೆಳಗೆ! ಅದರ ಮುಂದಿನದೂ ಕೆಳಗೆ. ಹೀಗೆ ಎಂಟು ಬೈಟ್ ಕೆಳಕ್ಕೆ ಇಳಿದು, ಒಂಬತ್ತನೇದು ಅಂದ್ರೆ 22536 ಹೋಗಿ ಪಕ್ಕದಲ್ಲಿ ಮತ್ತೆ ಮೇಲೆ ಕೂತ್ಕೊಳ್ತು. ಪಗಡೆ ಹಾಸಿನ ಮನೆ ಇದ್ದ ಹಾಗೆ, ಒಂದು ಮನೆ ಪೂರ್ತಿ ತುಂಬಿಸಿ ಪಕ್ಕದ ಮನೆಗೆ ಹೋಗೋದು. ಸಾಲಿಗೆ 40 ಮನೆ, ಮನೆಗೆ ಎಂಟು ಬೈಟ್, ಒಟ್ಟು 320, ಅಂಥ 32 ಸಾಲು.

ಯಾಕೆ ಹೀಗೆ ಅಂದ್ರೆ ಒಳಗಿರೋ 6845 ಅನ್ನೋ ಚಿಪ್ ಹುಟ್ಟಿದ್ದೇ ಅಕ್ಷರ ತೋರಿಸೋ ಟರ್ಮಿನಲ್‌ಗಳಿಗೆ. ಅದು ಎಷ್ಟನೇ ಅಕ್ಷರ ಅನ್ನೋದನ್ನ ಒಂದು ಕಡೆಯಿಂದ, ಆ ಅಕ್ಷರದೊಳಗೆ ಎಷ್ಟನೇ ಗೆರೆ ಅನ್ನೋದನ್ನ ಇನ್ನೊಂದು ಕಡೆಯಿಂದ ಕೊಡುತ್ತೆ, ಈ ಮೆಷಿನ್ ಮಾಡಿದ ಏಕಾರ್ನ್‌ನವರು ಗೆರೆ ನಂಬರನ್ನ ಅಡ್ರೆಸ್ಸಿನ ಕೆಳಗಿನ ಮೂರು ಬಿಟ್ಟಿಗೆ ಜೋಡಿಸಿದ್ರು. ಸುಮಾರು ಜನ ಈ ಜೋಡಣೆನ ಬೈತಾರೆ, ನನಗೆ ಮಾತ್ರ ಇದು ಹೇಳಿ ಮಾಡಿಸಿದ ಹಾಗಿತ್ತು. ಒಂದು ಮನೆ ಅಂದ್ರೆ ನಾಲ್ಕು ಅಡ್ಡ ನಾಲ್ಕು ಹೊಲಿಗೆ, ಕಸೂತಿ ಇರೋದೂ ಹೀಗೆ ಸಣ್ಣ ಸಣ್ಣ ಮನೆಗಳಲ್ಲೇ.

ಒಂದು ಬೈಟಂದ್ರೆ ಎಂಟು ಬಿಟ್, ಅದರಲ್ಲಿ ನಾಲ್ಕು ಪಿಕ್ಸೆಲ್, ಆದ್ರೆ ಎರಡೆರಡು ಬಿಟ್ ಅಕ್ಕಪಕ್ಕ ಇರಲ್ಲ. ಕೆಳಗಿನ ನಾಲ್ಕು ಬಿಟ್ ಕೆಂಪಿಗೆ, ಎಡದಿಂದ 8, 4, 2, 1. ಮೇಲಿನ ನಾಲ್ಕು ಹಳದಿಗೆ, 128, 64, 32, 16. ಎರಡೂ ಇದ್ರೆ ಬಿಳಿ. ಅಂದ್ರೆ ಎಡ ತುದಿ ಹೊಲಿಗೆ ಕೆಂಪು ಬೇಕಾದ್ರೆ 8, ಹಳದಿ ಬೇಕಾದ್ರೆ 128, ಬಿಳಿಗೆ 136. ಎರಡು ಬಣ್ಣದ ದಾರನ ಎರಡು ಸೂಜಿಗೆ ಪೋಣಿಸಿ ಒಂದೇ ಬಟ್ಟೆಗೆ ಹಾಕಿದ ಹಾಗೆ ಅಂತ ನಾನು ನೆನಪಿಟ್ಟುಕೊಂಡೆ. ಅವ್ವ ಮುರ್ಗಿ ಅನ್ನೋ ಹೊಲಿಗೆ ಹಾಕ್ತಾಳೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯೋದು. ಅದು ಇಲ್ಲಿ 22528ರಿಂದ 8, 8, 4, 4, 2, 2, 1, 1. ಮುಂದಿನ ಮೆಟ್ಟಿಲು ಬೇಕಾ, ಒಂದು ಸಾಲು ಕೆಳಗೆ ಒಂದು ಮನೆ ಪಕ್ಕಕ್ಕೆ, 320 ಪ್ಲಸ್ 8, ಅಂದ್ರೆ 22856ರಿಂದ ಮತ್ತೆ ಅದೇ ಎಂಟು ನಂಬರ್. ಇಡೀ ಪರದೆ ಕರ್ಣಕ್ಕೆ ಮುರ್ಗಿ ಇಳಿದಾಗ ಒಬ್ನೇ ಕೂತು ಚಪ್ಪಾಳೆ ಹೊಡೆದೆ, ನಾಚಿಕೆ ಏನಿಲ್ಲ.

ಅದೇ ದಿನ ಅರ್ಧ ದಿನ ಹಾಳೂ ಆಯ್ತು. ಪ್ರೋಗ್ರಾಂ ಲಿಸ್ಟ್ ಮಾಡಿ ನೋಡಿ ಆಮೇಲೆ ಅದೇ 22528ಕ್ಕೆ ಬರೆದ್ರೆ ಗೆರೆ ಮೇಲೆ ಬರ್ತಿಲ್ಲ, ಕೆಳಗೆಲ್ಲೋ ಬರ್ತಿದೆ. ರ್‍ಯಾಮ್ ಚಿಪ್ ಕೆಟ್ಟಿರಬೇಕು ಅಂತ ಒಂದೊಂದೇ ಒತ್ತಿ ನೋಡಿದೆ, ಬೋರ್ಡ್ ಉಜ್ಜಿದೆ, ಕೊನೆಗೆ ಗೊತ್ತಾಗಿದ್ದು ಏನಂದ್ರೆ ಅಕ್ಷರಗಳು ಪರದೆ ಕೆಳಗೆ ಮುಟ್ಟಿ ಮೇಲಕ್ಕೆ ಸರಿದಾಗ ಈ ಮೆಷಿನ್ 10 ಕೆ ಡೇಟಾ ಎತ್ತಿ ಇಡಲ್ಲ, "ಇನ್ಮೇಲೆ ಪರದೆ ಇಲ್ಲಿಂದ ಶುರು" ಅಂತ 6845ಗೆ ಹೇಳಿ ಸುಮ್ಮನಾಗುತ್ತೆ. 22528 ಪರದೆಯ ತಲೆ ಅನ್ನೋದು ಮೋಡ್ ಹಾಕಿದ ಕ್ಷಣಕ್ಕೆ ಮಾತ್ರ ನಿಜ. ಇದು ಮುಂದೆ ಕೆಲಸಕ್ಕೆ ಬಂತು, ಆವಾಗ ಮಾತ್ರ ಚೆನ್ನಾಗಿ ಬೈದೆ.

ತೇರಿನ ನಕ್ಷೆ ತಗೊಳ್ಳೋದೇ ಒಂದು ಕಥೆ. ಅವ್ವ ನಕ್ಷೆ ಬರಕೊಳ್ಳಲ್ಲ, ಬಟ್ಟೆ ಮೇಲೆ ಪೆನ್ಸಿಲ್ ಗೆರೆನೂ ಹಾಕಲ್ಲ, ಎಳೆ ಎಣಿಸ್ತಾ ಹೋಗ್ತಾಳೆ ಅಷ್ಟೇ. ನಾನು ಫೋನ್ ಕ್ಯಾಮೆರಾ ಜೂಮ್ ಮಾಡಿ ಫೋಟೋ ತೆಗೆದು ಗಣಿತದ ಚೌಕುಳಿ ನೋಟ್‌ಬುಕ್ಕಿಗೆ ಇಳಿಸಿದೆ. ಮೆಂತಿ ಹೊಲಿಗೆ ಸುಲಭ, ಅದು ಅಡ್ಡಡ್ಡ ಕತ್ತರಿ ಹಾಕಿ ಚೌಕ ತುಂಬೋದು, ಅಂದ್ರೆ ಪಿಕ್ಸೆಲ್ಲೇ. ಗವಂತಿ ಬರೀ ಗೆರೆ, ಚೌಕದ ಅಂಚಲ್ಲಿ ಹೋಗುತ್ತೆ, ಅದನ್ನ ಚೌಕದೊಳಗೆ ತರೋವಾಗ ಸ್ವಲ್ಪ ಮೋಸ ಮಾಡಬೇಕಾಯ್ತು. ಕೊನೆಗೆ 24 ಅಡ್ಡ 24 ಹೊಲಿಗೆ, ಅಂದ್ರೆ ಆರು ಅಡ್ಡ ಆರು ಮನೆ, 288 ಬೈಟ್. ಪ್ರತಿ ಗೆರೆ ಎರಡು ಸಲ ಬರೋದ್ರಿಂದ ಇಟ್ಟುಕೊಳ್ಳೋದು ಅರ್ಧ ಸಾಕು, 144.

ಮೊದಲ ಸಲ ತೇರು ತಲೆಕೆಳಗಾಗಿ ಬಂತು, ಯಾಕಂದ್ರೆ ಬೇಸಿಕ್‌ನ ಪ್ಲಾಟ್ ಕಮಾಂಡಿಗೆ ಸೊನ್ನೆ ಕೆಳಗೆ, ಮೆಮೊರಿಗೆ ಸೊನ್ನೆ ಮೇಲೆ, ನಾನು ನೋಟ್‌ಬುಕ್ಕಲ್ಲಿ ಕೆಳಗಿಂದ ನಂಬರ್ ಹಾಕಿದ್ದೆ. ಅದು ಸರಿ ಹೋಯ್ತು, ಆದ್ರೆ ಬೇಸಿಕ್‌ನಲ್ಲಿ ಒಂದೊಂದೇ ಬೈಟ್ ಬರೆದ್ರೆ ತೇರು ಮನೆ ಮನೆಯಾಗಿ ಮೂಡೋದು ಕಣ್ಣಿಗೇ ಕಾಣುತ್ತೆ. ಕಸೂತಿ ಹಾಕೋದನ್ನ ನೋಡಿದ ಹಾಗೆ ಚೆಂದ, ಓಡಿಸೋಕೆ ಆಗಲ್ಲ. ಹಾಗಾಗಿ ಅಸೆಂಬ್ಲಿ, ಅಂದ್ರೆ ಪ್ರೊಸೆಸರಿನ ಸ್ವಂತ ಭಾಷೆ. ಸೋಫಿ ವಿಲ್ಸನ್ ಬರೆದ ಈ ಬೇಸಿಕ್‌ನ ದೊಡ್ಡ ಉಪಕಾರ ಇದು, ಚೌಕ ಬ್ರಾಕೆಟ್ ತೆಗೆದು ಒಳಗೇ ಇದರ ಪ್ರೊಸೆಸರ್ 6502ರ ಅಸೆಂಬ್ಲಿ ಬರೀಬಹುದು, ಬೇರೆ ಸಾಫ್ಟ್‌ವೇರ್ ಏನೂ ಬೇಡ. 2 ಮೆಗಾಹರ್ಟ್ಸ್ ಪ್ರೊಸೆಸರ್, ಪ್ರೊಸೆಸರೂ ವಿಡಿಯೋನೂ ಸರದಿ ಮೇಲೆ ರ್‍ಯಾಮ್ ಮುಟ್ಟೋದ್ರಿಂದ ಒಬ್ಬರಿಗೊಬ್ಬರು ಅಡ್ಡ ಬರಲ್ಲ, ಸೆಕೆಂಡಿಗೆ 50 ಫ್ರೇಮ್ ಅಂದ್ರೆ ಫ್ರೇಮಿಗೆ 40 ಸಾವಿರ ಸೈಕಲ್ (ಪ್ರೊಸೆಸರಿನ ಹೆಜ್ಜೆ). ತೇರು ಬರೆಯೋಕೆ ನನ್ನ ಕೋಡಿಗೆ ಸುಮಾರು 5 ಸಾವಿರ ಸೈಕಲ್, ಧಾರಾಳ.

ಒಂದೊಂದೇ ಪಿಕ್ಸೆಲ್ ಪಕ್ಕಕ್ಕೆ ಸರಿಸೋಣ ಅಂತ ಹೋಗಿ ಸಿಕ್ಕಿಹಾಕ್ಕೊಂಡೆ. ಬೈಟನ್ನ ಬಲಕ್ಕೆ ಒಂದು ಬಿಟ್ ಜರುಗಿಸಿದ್ರೆ ಆಯ್ತು ಅಂದ್ಕೊಂಡೆ, ಜರುಗಿಸಿದೆ, ತೇರಿನ ಮೈ ತುಂಬ ಅಲ್ಲಲ್ಲಿ ಕೆಂಪು ಚುಕ್ಕಿ, ದಡಾರ ಬಂದ ಹಾಗೆ. ಎರಡು ರಾತ್ರಿ ನೋಡಿದೆ. ಆಗಿದ್ದು ಇಷ್ಟೇ, ಬಲ ತುದಿಯ ಹಳದಿ ಹೊಲಿಗೆ ಅಂದ್ರೆ 16, ಅದನ್ನ ಒಂದು ಬಿಟ್ ಜರುಗಿಸಿದ್ರೆ 8, ಅಂದ್ರೆ ಎಡ ತುದಿಯ ಕೆಂಪು ಹೊಲಿಗೆ! ಹಳದಿ ದಾರ ಬಟ್ಟೆ ದಾಟಿ ಈಚೆ ಬಂದು ಕೆಂಪಾಗ್ತಿತ್ತು. ಜರುಗಿಸಿದ ಮೇಲೆ 119ರ ಜೊತೆ, ಎರಡರಲ್ಲೂ ಇರೋ ಬಿಟ್ ಮಾತ್ರ ಉಳಿಸೋ, ಆ್ಯಂಡ್ ಮಾಡಿ ಆ ಎರಡು ಬಿಟ್ ಅಳಿಸಬೇಕು, ಮತ್ತೆ ಜರುಗಿಸೋ ಮುಂಚಿನ ಬೈಟಲ್ಲಿ ಬಲ ತುದಿಯ ಎರಡು ಬಿಟ್ ಅಂದ್ರೆ 17ರ ಜೊತೆ ಆ್ಯಂಡ್ ಮಾಡಿದ್ದನ್ನ ಎಂಟರಿಂದ ಗುಣಿಸಿ ಪಕ್ಕದ ಮನೆಗೆ ಕೊಡಬೇಕು. ಪ್ರತಿ ಫ್ರೇಮಿಗೂ ಇದನ್ನ ಮಾಡೋದು ಬೇಡ ಅಂತ ನಾಲ್ಕು ಜರುಗಿಸಿದ ತೇರುಗಳನ್ನ ಮೊದ್ಲೇ ಮಾಡಿಟ್ಟುಕೊಂಡೆ, ಏಳು ಮನೆ ಅಗಲದ್ದು, ನಾಲ್ಕಕ್ಕೂ ಸೇರಿ 672 ಬೈಟ್. ಕೆಳಗೆ ಇಳಿಸೋವಾಗ ಬೇರೆ ತಾಪತ್ರಯ, ಮನೆಯೊಳಗೆ ಗೆರೆಗೆ ಒಂದು ಕೂಡಿಸಿದ್ರೆ ಸಾಕು, ಮನೆ ದಾಟಿದ ಕೂಡ್ಲೇ 313 ಕೂಡಿಸಬೇಕು. ಮರೆತ್ರೆ ತೇರು ಅಡ್ಡಕ್ಕೆ ಸೀಳುತ್ತೆ. ಮತ್ತೆ ತೇರು ಮಿಣಮಿಣ ಅಂತಿತ್ತು, ಸ್ಟಾರ್ ಎಫ್‌ಎಕ್ಸ್ 19 ಹಾಕಿ ಫ್ರೇಮ್ ಶುರುವಿಗೆ ಕಾದು ಬರೆದ ಮೇಲೆ ನಿಂತು ಹೋಯ್ತು, ಪರದೆ ಕೆಳಭಾಗಕ್ಕೆ ಟಿವಿಯ ಚಿತ್ರ ಬರೆಯೋ ಬೀಮ್ ಇಳಿಯೋದ್ರೊಳಗೆ ನಮ್ಮ ಕೆಲಸ ಮುಗಿದಿರುತ್ತೆ.

ಇಷ್ಟೆಲ್ಲಾ ಮಾಡಿ, ನಾಲ್ಕು ತೇರು ಮಾಡಿಟ್ಟು, ಕೊನೆಗೆ ಅದನ್ನ ಬಿಸಾಕಿದೆ. ತೇರು ಓಡೋ ಬದಲು ಹಿಂದಿನ ಸೆರಗು, ಅಂದ್ರೆ ಹಿನ್ನೆಲೆ, ಓಡಿದ್ರೆ ಇನ್ನೂ ಚೆಂದ ಅನ್ನಿಸ್ತು, ಅದಕ್ಕೆ ಹಾರ್ಡ್‌ವೇರ್ ಸ್ಕ್ರೋಲ್ ಇದೆಯಲ್ಲ, ಅವತ್ತು ಬೈಸಿಕೊಂಡಿದ್ದೇ. 6845ರ 12 ಮತ್ತು 13ನೇ ರಿಜಿಸ್ಟರಲ್ಲಿ (ಚಿಪ್ಪಿನೊಳಗಿನ ಪುಟ್ಟ ಗೂಡು) ಪರದೆ ಶುರುವಾಗೋ ಅಡ್ರೆಸ್ಸಿನ ಎಂಟನೇ ಒಂದು ಭಾಗ ಇರುತ್ತೆ, 22528 ಭಾಗಿಸು 8 ಅಂದ್ರೆ 2816. ಆ ಚಿಪ್ಪಿನ ಅಡ್ರೆಸ್ 65024, 65025. ?65024=13 ಅಂತ ರಿಜಿಸ್ಟರ್ ಆರಿಸಿ ?65025=1 ಅಂದ್ರೆ 2817 ಆಯ್ತು, ಇಡೀ ಪರದೆ ಒಂದು ಮನೆ ಎಡಕ್ಕೆ. ಎರಡೇ ಬೈಟ್ ಬರೆದು 10 ಕೆ ಜರುಗಿತು! ಎಡ ಅಂಚಿಂದ ಹೊರಗೆ ಹೋದ ಮನೆ ಒಂದು ಸಾಲು ಮೇಲೆ ಬಲ ಅಂಚಲ್ಲಿ ಬಂದು ಕೂರುತ್ತೆ, ಹಾಗಾಗಿ ಪ್ರತಿ ಹೆಜ್ಜೆಗೂ ಬಲ ಅಂಚಿನ 32 ಮನೆ ಹೊಸದಾಗಿ ತುಂಬಬೇಕು. ಅಲ್ಲಿ ತುಳಸಿಕಟ್ಟೆ, ಆನೆ, ನವಿಲು ಒಂದರ ಹಿಂದೆ ಒಂದು ಬರೋ ಹಾಗೆ ಮಾಡ್ದೆ. ತೇರು ನಿಂತಲ್ಲೇ ನಿಲ್ಲಬೇಕಾದ್ರೆ ಪ್ರತಿ ಸಲ ಒಂದು ಮನೆ ಮುಂದಕ್ಕೆ ಬರೆದು ಹಿಂದಿನ ಒಂದು ಮನೆ ಅಗಲ ಅಳಿಸಬೇಕು, ಅದು ಸಲೀಸು.

ಓಡಿಸಿದೆ, ಸ್ವಲ್ಪ ದೂರ ಚೆನ್ನಾಗಿ ಹೋಯ್ತು, ಆಮೇಲೆ ಸೆರಗು ಕೆಳಗಡೆಯಿಂದ ಹರೀತಾ ಬಂತು, ಆನೆಗೆ ಕಾಲಿಲ್ಲ. ಪರದೆ ತೋರಿಸೋ ಸರ್ಕ್ಯೂಟ್ 32767 ದಾಟಿದ್ರೆ ತಾನೇ ತಿರುಗಿ 22528ಕ್ಕೆ ಬರುತ್ತೆ, ನನ್ನ ಕೋಡ್ ತಿರುಗ್ತಿರಲಿಲ್ಲ, ನೆಟ್ಟಗೆ 32768ಕ್ಕೆ ಬರೀತಿತ್ತು, ಅಲ್ಲಿರೋದು ಬೇಸಿಕ್ ರಾಮ್ (ROM), ಅಂದ್ರೆ ಓದೋಕೆ ಮಾತ್ರ ಆಗೋ ಮೆಮೊರಿ. ರಾಮ್‌ಗೆ ಬರೆದ್ರೆ ಎರರ್ ಇಲ್ಲ ಏನಿಲ್ಲ, ಬೈಟ್ ಗಾಳಿಗೆ ಹೋಯ್ತು. ಮನೆ ಅಡ್ರೆಸ್ ಲೆಕ್ಕ ಹಾಕಿದ ತಕ್ಷಣ ದಾಟಿದೆಯಾ ನೋಡಿ 10240 ಕಳೆಯೋ ನಾಲ್ಕು ಸಾಲು ಸೇರಿಸಿದೆ, ಆನೆಗೆ ಕಾಲು ಬಂತು.

ದೀಪಾವಳಿಗೆ ಊರಿಂದ ಅವ್ವ ಬಂದಿದ್ಲು, ಕೂರಿಸಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಮುಂದಿಂದ ಛಂದ ಐತಿ, ಹಿಂದ ಹೆಂಗೈತಿ?" ಅಂತ ಎದ್ದು ಟಿವಿ ಹಿಂದೆ ಬಗ್ಗಿ ನೋಡಿದ್ಲು. ಗವಂತಿ, ಮುರ್ಗಿ ಎರಡೂ ಕಡೆ ಒಂದೇ ಥರ ಬರಬೇಕು, ಹಿಂದೆ ಗಂಟು ಕಾಣಬಾರದು, ಹುಡುಗೇರ ಕಸೂತಿನ ಅವಳು ಮಗುಚಿ ನೋಡೋದೇ ಮೊದ್ಲು. ಹಿಂದೆ ಇದ್ದಿದ್ದು ನನ್ನ ವೈರುಗಳು, ಗಂಟೋ ಗಂಟು.

ವಾಪಸ್ ಬಂದು ಕೂತು, "ಕಳಸದ ಎಡಕ್ಕ ಒಂದು ಎಳಿ ತಪ್ಪೀದಿ" ಅಂದ್ಲು. ಮೂರು ತಿಂಗಳಿಂದ ದಿಟ್ಟಿಸಿ ನೋಡ್ತಿದ್ದ ತೇರು, ನನಗೆ ಕಂಡಿರಲಿಲ್ಲ. ನೋಟ್‌ಬುಕ್ ತೆಗೆದು ಡೇಟಾ ಸಾಲಿನ ಜೊತೆ ಹಿಡಿದು ನೋಡಿದ್ರೆ, ಹೌದು, ಒಂದು ಕಡೆ 4 ಇರಬೇಕಾದ ಜಾಗದಲ್ಲಿ 2 ಹೊಡೆದಿದ್ದೆ. ಸರಿ ಮಾಡಿ ಮತ್ತೆ ರನ್ ಮಾಡ್ದೆ.

"ಬಿಚ್ಚೋದು ಬ್ಯಾಡೇನ?" ಅಂದ್ಲು.

ಬೇಡ ಅಂದೆ.