ನನ್ನ ಅನುಭವ: ಘಟ್ಟ ಇಳಿದರೆ ಮಾತ್ರ ಬರುತ್ತಿದ್ದ ಓವರ್‌ಬೂಸ್ಟ್

ಡೌನ್‌ಪೈಪ್ (ಟರ್ಬೊದಿಂದ ಹೊಗೆಯನ್ನು ಹೊರಗೊಯ್ಯುವ ಮೊದಲ ಕೊಳವೆ) ಬದಲಾಯಿಸಿದ ಗಾಡಿಗೆ ಓವರ್‌ಬೂಸ್ಟ್ (ಟರ್ಬೊ ಬೇಕಾದದ್ದಕ್ಕಿಂತ ಹೆಚ್ಚು ಒತ್ತಡದಲ್ಲಿ ಎಂಜಿನ್ನಿಗೆ ಗಾಳಿ ತುಂಬುವುದು) ಬರುತ್ತಿದೆ ಎಂದು ಹೇಳಿ ನೋಡಿ, ಎಲ್ಲರ ಬಾಯಲ್ಲೂ ಎರಡೇ ಉತ್ತರ: ಒಂದೋ ಬೂಸ್ಟ್ ಒತ್ತಡವನ್ನು ಹತೋಟಿಯಲ್ಲಿಡುವ ಎನ್75 ವಾಲ್ವ್ ಹೋಗಿದೆ, ಇಲ್ಲವೇ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಸರಿಯಿಲ್ಲ. ನನ್ನ ಗಾಡಿಯಲ್ಲಿ ಎರಡೂ ಅಲ್ಲವೆಂದು ನಾನು ಹೇಳುತ್ತಿದ್ದಾಗ ನಂಬಿದವರಿಲ್ಲ. ಏಳೆಂಟು ತಿಂಗಳೂ ನಲವತ್ತು ಸಾವಿರದ ಆಸುಪಾಸು ಹಣವೂ ಕರಗಿದ ಮೇಲೆ ಗಾಡಿ ಮಂಗಳೂರಿಗೆ ನಾಲ್ಕು ಸಲ ಹೋಗಿಬಂದಿದೆ, ಒಮ್ಮೆಯೂ ಲಿಂಪ್ ಮೋಡಿಗೆ (ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ) ಬಿದ್ದಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಗಾಡಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, 1.8 ಲೀಟರ್ ಪೆಟ್ರೋಲ್, ಕಂಪನಿಯಿಂದ ಬಂದಾಗ 150 ಅಶ್ವಶಕ್ತಿ. ಕೆ03 ಟರ್ಬೊ ಹಾಗೆಯೇ ಇದೆ. ಸ್ಟೇಜ್ ಒನ್ ಮ್ಯಾಪಿನ (ಮೊದಲ ಹಂತದ ರೀಮ್ಯಾಪಿನ) ಮೇಲೆ ಮೂರು ಇಂಚಿನ ಡೌನ್‌ಪೈಪನ್ನು ಇಲ್ಲೇ ಮಾಡಿಸಿ ಹಾಕಿಸಿದ್ದೆ. ಬೆಂಗಳೂರಿನಲ್ಲಿ ಎರಡು ತಿಂಗಳು ಯಾವ ತಕರಾರೂ ಇರಲಿಲ್ಲ. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯ ಹತ್ತಿರ ಮೂರನೇ ಗೇರಿನಲ್ಲಿ ಒಂದು ಟ್ಯಾಂಕರನ್ನು ಹಿಂದಿಕ್ಕಲು ಹೋದಾಗ, ಐದೂವರೆ ಸಾವಿರ ಆರ್‌ಪಿಎಂ ದಾಟುತ್ತಿದ್ದಂತೆ ಗಾಡಿಯ ಉಸಿರೇ ನಿಂತಂತಾಯಿತು. ಓವರ್‌ಬೂಸ್ಟ್ ದೋಷದ ಕೋಡ್ 17963, ಅಂದರೆ ಪಿ1555. ಅಳಿಸಿದೆ, ಬಂಟ್ವಾಳ ತಲುಪುವ ಮೊದಲೇ ಮತ್ತೆ ಬಂತು. ಮರಳಿ ಸಕಲೇಶಪುರಕ್ಕೆ ಹತ್ತಿದ ಮೇಲೆ ಅದೇ ಗೇರಿನಲ್ಲಿ ಅಷ್ಟೇ ಎಳೆದರೂ ಕೋಡ್ ಇಲ್ಲ. ಇದನ್ನು ಹೇಳಿದಾಗ ಮ್ಯಾಪ್ ಮಾಡಿದವರು ನಕ್ಕರು: “ಊರು ನೋಡಿಕೊಂಡು ಕೋಡ್ ಬರುತ್ತದೆಯೇ ಸಾರ್? ಎನ್75 ಬದಲಾಯಿಸಿ.”

ಊರು ನೋಡಿಕೊಂಡೇ ಬರುತ್ತಿತ್ತು. ಎಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಆನ್ ಮಾಡಿ ವಿಸಿಡಿಎಸ್‌ನ (ಗಾಡಿಯ ಕಂಪ್ಯೂಟರನ್ನು ಓದುವ ಸಾಫ್ಟ್‌ವೇರಿನ) 115ನೇ ಬ್ಲಾಕಿನಲ್ಲಿ ಹೊರಗಿನ ಗಾಳಿಯ ಒತ್ತಡ ನೋಡಿದರೆ ಬೆಂಗಳೂರಿನಲ್ಲಿ 910 ಮಿಲಿಬಾರ್ ಆಸುಪಾಸು, ಮಂಗಳೂರಿನಲ್ಲಿ 1,005ರಿಂದ 1,010. ಹೆಚ್ಚಾದ ಎಕ್ಸಾಸ್ಟ್ ಅನಿಲವನ್ನು ಟರ್ಬೊ ತಿರುಗಿಸದೆ ಹೊರಬಿಡುವ ಬಾಗಿಲು ವೇಸ್ಟ್‌ಗೇಟ್, ಅದನ್ನು ತೆರೆಯುವುದು ಆಕ್ಚುವೇಟರ್. ಆಕ್ಚುವೇಟರಿನ ಸ್ಪ್ರಿಂಗಿಗೆ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡವಿದೆ ಎಂಬುದು ಮಾತ್ರ ಗೊತ್ತು. ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಒಟ್ಟು ಒತ್ತಡ ಗೊತ್ತು. ಘಟ್ಟ ಇಳಿದರೆ ಒಟ್ಟು ಒತ್ತಡಕ್ಕೆ ನೂರು ಮಿಲಿಬಾರ್ ಹೀಗೆ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ಅದರ ಮೇಲೆ ಕೆಳಗಿನ ದಟ್ಟ ಗಾಳಿಯಿಂದ ಎಕ್ಸಾಸ್ಟ್ ಅನಿಲವೂ ಹೆಚ್ಚು ಹುಟ್ಟುವುದರಿಂದ ವೇಸ್ಟ್‌ಗೇಟ್ ಹೊರಹಾಕಬೇಕಾದ ಪ್ರಮಾಣವೂ ಹೆಚ್ಚುತ್ತದೆ. ನನಗೆ ಸಂಶಯ ಬಂದದ್ದು ಇಲ್ಲಿಂದಲೇ.

ಆದರೂ ಹತ್ತು ಜನ ಹೇಳಿದ್ದನ್ನು ಮೀರುವ ಧೈರ್ಯವಿಲ್ಲದೆ ಜೆ.ಸಿ. ರಸ್ತೆಯಲ್ಲಿ ಸುಮಾರು ನಾಲ್ಕೂವರೆ ಸಾವಿರ ಕೊಟ್ಟು ಹೊಸ ಎನ್75 ತಂದೆ. ಏನೂ ಬದಲಾಗಲಿಲ್ಲ. ಹಳೆಯದರ ಕಾಯಿಲ್ ಅಳೆದಾಗ 28 ಓಮ್ ತೋರಿಸಿತು. 25ರಿಂದ 35ರೊಳಗೆ ಇದ್ದರೆ ಕಾಯಿಲ್ ಸರಿಯಿದೆ ಎಂದೇ ಅರ್ಥ, ಕೊಳ್ಳುವ ಮೊದಲು ಅಳೆಯಬೇಕೆಂಬ ಬುದ್ಧಿ ಬರಲಿಲ್ಲ ಅಷ್ಟೆ. ಹೋಸ್‌ಗಳನ್ನೆಲ್ಲ ಸಿಲಿಕೋನಿಗೆ ಬದಲಾಯಿಸಿದ್ದಕ್ಕೆ ಇನ್ನೊಂದು ಸಾವಿರದ ಎಂಟುನೂರು. ಕೊನೆಗೆ ಆರು ಸಾವಿರ ತೆಗೆದುಕೊಂಡು ಮ್ಯಾಪಿನಲ್ಲಿ ಬೂಸ್ಟ್ ಬೇಡಿಕೆಯನ್ನು (ಇಸಿಯು ಕೇಳುವ ಒತ್ತಡವನ್ನು) ನೂರು ಮಿಲಿಬಾರ್ ಇಳಿಸಿಕೊಟ್ಟರು. ಅದುವರೆಗೆ ಘಟ್ಟದ ಕೆಳಗೆ ಮಾತ್ರ ಬರುತ್ತಿದ್ದ ಕೋಡ್ ಆಮೇಲೆ ನೆಲಮಂಗಲ ದಾಟುವುದರೊಳಗೇ ಬರತೊಡಗಿತು!

ಹಣ ಹೋದರೂ ಆಗ ಓಡಿಸುತ್ತ ದಾಖಲಿಸಿದ ಲಾಗ್ ನನಗೆ ದಾರಿ ತೋರಿಸಿತು. 5,800 ಆರ್‌ಪಿಎಂನಲ್ಲಿ ಬೇಡಿಕೆ 1,650 ಮಿಲಿಬಾರಿನ ಹತ್ತಿರ, ನಿಜವಾದ ಬೂಸ್ಟ್ 1,850ಕ್ಕೂ ಮೇಲೆ. 118ನೇ ಬ್ಲಾಕಿನಲ್ಲಿ ಎನ್75 ಡ್ಯೂಟಿ (ಬೂಸ್ಟ್ ಏರಿಸಲು ಇಸಿಯು ಎನ್75ಕ್ಕೆ ಕೊಡುವ ಆದೇಶ) ಶೇ 5ರಷ್ಟು ಮಾತ್ರ. ಎಲ್ಲರೂ 115ನ್ನೇ ನೋಡುತ್ತಾರೆ, 118ರ ಈ ಕಾಲಮ್ಮನ್ನು ಯಾರೂ ನೋಡುವುದಿಲ್ಲ. ಡ್ಯೂಟಿ ನೆಲಕ್ಕಿಳಿದ ಮೇಲೂ ಬೂಸ್ಟ್ ಏರುತ್ತಿದೆಯೆಂದರೆ ಇಸಿಯು ತನ್ನ ಕೈಲಾದದ್ದನ್ನೆಲ್ಲ ಮಾಡಿ ಮುಗಿಸಿದೆ, ಬೇಡಿಕೆಯನ್ನು ಎಷ್ಟು ಇಳಿಸಿದರೂ ಕೋಡ್ ತರುವ ಆ ಅಂತರ ಬೆಳೆಯುತ್ತದೆಯೇ ಹೊರತು ಬೂಸ್ಟ್ ಇಳಿಯುವುದಿಲ್ಲ.

ಖಚಿತಪಡಿಸಿಕೊಳ್ಳಲು ಎನ್75ನ್ನು ಪೂರ್ತಿ ಬಿಟ್ಟು, ಕಂಪ್ರೆಸರಿನ ನಿಪ್ಪಲಿನಿಂದ ಆಕ್ಚುವೇಟರಿಗೆ ನೇರವಾಗಿ ಹೋಸ್ ಕೊಟ್ಟು ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ಓಡಿಸಿದೆ. ಸ್ಪ್ರಿಂಗಿನ ಒತ್ತಡಕ್ಕೇ ಬೂಸ್ಟ್ ನಿಲ್ಲಬೇಕಿತ್ತು. 3,000 ಆರ್‌ಪಿಎಂನಲ್ಲಿ ಹೊರಗಿನ ಗಾಳಿಗಿಂತ 0.45 ಬಾರ್ ಹೆಚ್ಚು ಇದ್ದದ್ದು ಆರು ಸಾವಿರ ಮುಟ್ಟುವಷ್ಟರಲ್ಲಿ 0.9 ಆಯಿತು. ಥಟ್ಟನೆ ಹಾರಿ ಕೂರುವ ಸ್ಪೈಕ್ ಅಲ್ಲ ಇದು, ಆರ್‌ಪಿಎಂ ಜೊತೆಗೇ ತೆವಳುತ್ತ ಏರುವ ಕ್ರೀಪ್. ಮೊಣಕೈ ಸುಟ್ಟುಕೊಂಡು ಕಂಪನಿಯ ಹಳೆಯ ಡೌನ್‌ಪೈಪನ್ನು ಮತ್ತೆ ಜೋಡಿಸಿದಾಗ 0.45ರಿಂದ 0.55, ಅಷ್ಟರಲ್ಲೇ ನಿಂತಿತು.

ನಡುವೆ ಕೆಲವು ಹುಚ್ಚಾಟಗಳನ್ನೂ ಮಾಡಿದೆ. ಆಕ್ಚುವೇಟರ್ ರಾಡಿನ ಪ್ರಿಲೋಡನ್ನು (ಮೊದಲೇ ಕೊಟ್ಟ ಬಿಗಿತವನ್ನು) ಐದು ಸುತ್ತಿನಿಂದ ಒಂದಕ್ಕೆ ಸಡಿಲಿಸಿದಾಗ ಸ್ಪೂಲ್ ಆಗುವುದು (ಟರ್ಬೊ ವೇಗ ಹಿಡಿಯುವುದು) ನಾನೂರು ಆರ್‌ಪಿಎಂ ತಡವಾಯಿತು, ಮೇಲಿನ ಕ್ರೀಪ್ ಮಾತ್ರ ಕದಲಲಿಲ್ಲ. ಪ್ರಿಲೋಡ್ ನಿರ್ಧರಿಸುವುದು ವೇಸ್ಟ್‌ಗೇಟಿನ ಫ್ಲಾಪ್ ಯಾವಾಗ ತೆರೆಯಲು ಶುರುಮಾಡಬೇಕು ಎಂಬುದನ್ನು, ಎಷ್ಟು ತೆರೆಯಬಹುದು ಎಂಬುದನ್ನಲ್ಲ. ಪೈಪಿನ ಹಿಂದಿನ ಫ್ಲ್ಯಾಂಜಿನಲ್ಲಿ (ಜೋಡಣೆಯ ಅಂಚಿನಲ್ಲಿ) ಎರಡು ಇಂಚಿನ ರಂಧ್ರದ ತಗಡಿನ ಬಿಲ್ಲೆ ಕೂರಿಸಿದಾಗ ಕ್ರೀಪ್ ಅರ್ಧಕ್ಕಿಳಿದದ್ದು ನಿಜ, ಆದರೆ ಗಂಟಲು ಹಿಸುಕುವುದಕ್ಕೆ ಮೂರು ಇಂಚಿನ ಪೈಪೇಕೆ?

ಕೊನೆಗೆ ಹೊಸ ಡೌನ್‌ಪೈಪನ್ನು ಕೈಯಲ್ಲಿ ಹಿಡಿದು ಅದರ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆಲ್ಲ ಕಪ್ಪು ಮಸಿ. ಒಂದು ಕಡೆ ಮಾತ್ರ, ಫ್ಲ್ಯಾಂಜಿನ ವೆಲ್ಡಿಂಗ್ ಒಳಗೆ ಉಬ್ಬಿದ್ದ ಜಾಗದಲ್ಲಿ, ಉಗುರಿನಷ್ಟು ದೊಡ್ಡ ಬಿದಿಗೆ ಚಂದ್ರನಂತಹ ಹೊಳೆಯುವ ಗೆರೆ. ಫ್ಲಾಪಿನ ಅಂಚಿಗೆ, ತಾಗಿದ ಕಡೆ ಗುರುತು ಬಿಡುವ ಪ್ರಷ್ಯನ್ ಬ್ಲೂ ಬಳಿದು, ಪೈಪ್ ಜೋಡಿಸಿ, ಕೈಪಂಪಿನಿಂದ ಆಕ್ಚುವೇಟರಿಗೆ ಒತ್ತಡ ಕೊಟ್ಟೆ. ರಾಡ್ ಐದಾರು ಮಿಲಿಮೀಟರ್ ಸರಿದು ‘ಟಿಕ್’ ಎಂದು ನಿಂತಿತು. ಪೈಪ್ ಬಿಚ್ಚಿ ಅಷ್ಟೇ ಒತ್ತಡ ಕೊಟ್ಟರೆ ಹನ್ನೊಂದು ಮಿಲಿಮೀಟರ್. ನೀಲಿ ಗುರುತು ಆ ಗೆರೆಯ ಮೇಲೆಯೇ ಕೂತಿತ್ತು. ಪೀಣ್ಯದ ಲೇತ್ ಮೇಸ್ತ್ರಿಗೆ ತೋರಿಸಿದಾಗ ಅವರು, “ಬಾಗಿಲು ಗೋಡೆಗೆ ಹೊಡೀತಿದೆ ಸ್ವಾಮಿ” ಎಂದರು. ಅಷ್ಟು ದಿನ ನನ್ನ ತಲೆ ತಿಂದವರಾರಿಗೂ ಹೊಳೆಯದ ಮಾತು ಅದು.

ವೆಲ್ಡಿಂಗಿನ ಉಬ್ಬನ್ನು ಕಾರ್ಬೈಡ್ ಬರ್ ಹಿಡಿದು ತೆಗೆದು, ಗೋಡೆಯನ್ನೂ ಸುಮಾರು ನಾಲ್ಕು ಮಿಲಿಮೀಟರ್ ಒಳಗಿನಿಂದ ಕೊರೆದೆವು. ತೆಳುವಾದ ಕಡೆ ಹೊರಗಿನಿಂದ ಆರ್ಗಾನ್ ವೆಲ್ಡಿಂಗಿನಲ್ಲಿ ಪಟ್ಟಿ ಹಾಕಿಸಿದೆ. ಕೂಲಿ ಎಲ್ಲ ಸೇರಿ ಎರಡು ಸಾವಿರದ ಇನ್ನೂರು. ಟರ್ಬೈನ್ ಹೌಸಿಂಗಿನಲ್ಲಿರುವ ವೇಸ್ಟ್‌ಗೇಟ್ ರಂಧ್ರವನ್ನೂ ಸ್ವಲ್ಪ ಹಿಗ್ಗಿಸಿದ್ದೇನೆ. ಎಷ್ಟು, ಯಾವ ಕೋನದಲ್ಲಿ ಎಂಬುದನ್ನು ಬರೆಯುವುದಿಲ್ಲ: ಶಿವಾಜಿನಗರದ ಗುಜರಿಯಲ್ಲಿ ಏಳು ಸಾವಿರಕ್ಕೆ ತಂದ ಹೌಸಿಂಗನ್ನು, ಫ್ಲಾಪ್ ಕೂರಲು ಅಂಚೇ ಉಳಿಯದಷ್ಟು ಕೊರೆದು ಕೆಡಿಸಿಕೊಂಡ ಮೇಲೆ ಕಲಿತ ವಿದ್ಯೆ ಅದು.

ಮತ್ತೆ ನೇರ ಹೋಸಿನಲ್ಲಿ ಓಡಿಸಿದಾಗ ಆರು ಸಾವಿರದವರೆಗೆ 0.55 ದಾಟಲಿಲ್ಲ. ಎನ್75 ಜೋಡಿಸಿ ಬೇಡಿಕೆಯನ್ನು ಮೊದಲಿನ ಮಟ್ಟಕ್ಕೆ ಏರಿಸಿದ ಮೇಲೆ 3,200ರ ಹತ್ತಿರ 150 ಮಿಲಿಬಾರ್ ಸ್ಪೈಕ್ ಉಳಿದಿತ್ತು. ಅದು ನಿಜವಾಗಿಯೂ ಮ್ಯಾಪಿನ ಕೆಲಸ, ಅರ್ಧ ಗಂಟೆಯಲ್ಲಿ ಸರಿಹೋಯಿತು. ಮ್ಯಾಪ್ ಮಾಡಿದವರು ಬೇರೇನೂ ಹೇಳಲಿಲ್ಲ, ಆ ದಿನದ ಹಣ ಮಾತ್ರ ತೆಗೆದುಕೊಳ್ಳಲಿಲ್ಲ. ಕಳೆದ ಸಲ ಉಪ್ಪಿನಂಗಡಿಯ ಅದೇ ನೇರ ರಸ್ತೆಯಲ್ಲಿ ತೆಗೆದ ಲಾಗಿನಲ್ಲಿ 5,800ಕ್ಕೆ ಬೇಡಿಕೆ 1,750, ನಿಜವಾದದ್ದು 1,770, ಡ್ಯೂಟಿ ಶೇ 30ಕ್ಕೂ ಮೇಲೆ. ಚಳಿಗಾಲದ ಬೆಳಗಿನ ಜಾವ ಕರಾವಳಿಯಲ್ಲಿ ಹೇಗಿರುತ್ತದೆ ಎಂಬುದನ್ನು ಡಿಸೆಂಬರಿನಲ್ಲಿ ನೋಡಬೇಕಾಗಿದೆ.