ಮಕ್ಕಳ ಮೊದಲ ಕುಮ್ಸಾರ್: ತಯಾರಿ ಹೇಗೆ?

ಎಂಟು ವರ್ಷದ ಮಗು ಕುಮ್ಸಾರಿಗೆ, ಅಂದರೆ ಫಾದರ್ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಕೇಳುವ ಪಾಪನಿವೇದನೆಗೆ, ಸಾಲಿನಲ್ಲಿ ನಿಂತು ಗಡಗಡ ನಡುಗುತ್ತಿದೆ ಅಂದರೆ, ದೊತೊರ್ನ್ (ಧರ್ಮೋಪದೇಶ) ಕ್ಲಾಸಿನಲ್ಲಿ ಯಾರೋ ಹೆದರಿಸಿದ್ದಾರೆ ಅಂತಲೇ ಲೆಕ್ಕ. ಕಾಸರಗೋಡಿನ ಚರ್ಚುಗಳಲ್ಲಿ ಪ್ರಥಮ ಪರಮಪ್ರಸಾದದ (ಮಕ್ಕಳು ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ಹಬ್ಬದ) ಗಡಿಬಿಡಿ ಶುರುವಾದಾಗಲೆಲ್ಲ ಇದನ್ನು ನೋಡುತ್ತೇನೆ. ಬಿಳಿ ಫ್ರಾಕು, ಮೇಣದ ಬತ್ತಿ, ಊಟದ ಹಾಲ್ ಎಲ್ಲ ತಿಂಗಳ ಮೊದಲೇ ರೆಡಿ. ಅದಕ್ಕೂ ಮೊದಲು ಆಗಬೇಕಾದ ಕುಮ್ಸಾರಿಗೆ ಮಾತ್ರ ಕೊನೆಯ ಒಂದು ಭಾನುವಾರ. ಟೀಚರುಗಳೇ, ಕನಿಷ್ಠ ನಾಲ್ಕು ಕ್ಲಾಸ್ ಇದಕ್ಕೇ ಇಡಿ.

ಮೊದಲು ಕತೆ. ಲೂಕನ ಶುಭಸಂದೇಶದ 19ನೇ ಅಧ್ಯಾಯದ ಜಕ್ಕಾಯ ಸಾಕು. ಜೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಗಿಡ್ಡ ಆಸಾಮಿ, ಯೇಸುವನ್ನು ನೋಡಲು ಮರ ಹತ್ತಿದವನು. ಯೇಸು ಮರದ ಕೆಳಗೆ ನಿಂತು ಬೈಯಲಿಲ್ಲ, ‘ಇವತ್ತು ನಿನ್ನ ಮನೆಗೆ ಬರುತ್ತೇನೆ’ ಅಂದರು. ಊರವರು ಗೊಣಗಿದರು. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಿದ್ದರೆ ನಾಲ್ಕರಷ್ಟು ವಾಪಸ್ ಅಂತ ಜಕ್ಕಾಯ ಹೇಳಿದ್ದು ಆಮೇಲೆ. ಈ ಕ್ರಮ ತಪ್ಪಿಸಬೇಡಿ: ಕರೆದದ್ದು ಮೊದಲು, ತಪ್ಪು ಒಪ್ಪಿದ್ದು ನಂತರ. ಮೊಬೈಲಿನಲ್ಲಿ ಓಡಾಡುವ ನರಕದ ಬೆಂಕಿಯ ವಿಡಿಯೋಗಳನ್ನು ದಯವಿಟ್ಟು ತೋರಿಸಬೇಡಿ.

ಎರಡನೆಯದು ಆತ್ಮಶೋಧನೆ. ಹೆಚ್ಚಿನವರು ಎಡವುವುದು ಇಲ್ಲೇ. ಅಚ್ಚಾದ ಪಾಪದ ಪಟ್ಟಿ ಹಂಚಿ ‘ನಿಮ್ಮದಕ್ಕೆ ಟಿಕ್ ಹಾಕಿ’ ಅನ್ನುತ್ತಾರೆ. ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ‘ಸುಳ್ಳು ಹೇಳಿದೆ, ಜಗಳ ಮಾಡಿದೆ, ಅಪ್ಪ ಅಮ್ಮನ ಮಾತು ಕೇಳಲಿಲ್ಲ’ ಅಂತ ಇಡೀ ಸಾಲು ಒಂದೇ ಹಾಡು. ಕೆಲವು ಪಟ್ಟಿಗಳಲ್ಲಿ ದೊಡ್ಡವರ ಪಾಪಗಳೂ ಇರುತ್ತವೆ. ಮಗು ಮನೆಗೆ ಹೋಗಿ ‘ವ್ಯಭಿಚಾರ ಅಂದ್ರೆ ಏನಮ್ಮಾ’ ಅಂತ ಕೇಳಿದರೆ ಉತ್ತರ ಕೊಡುವುದು ಯಾರು?

ಪಟ್ಟಿಯ ಬದಲು ಮೂರು ಸಂಗತಿ ಬೇರೆ ಮಾಡಲು ಕಲಿಸಿ. ಕೈಜಾರಿ ಲೋಟ ಬಿತ್ತು, ಅದು ಆಕಸ್ಮಿಕ. ಲೆಕ್ಕ ತಪ್ಪಾಯಿತು, ಅದು ಬರೀ ತಪ್ಪು. ತಂಗಿಯ ಪೆನ್ನು ಬೇಕೂಂತಲೇ ಅಡಗಿಸಿಟ್ಟು ಅವಳು ಅಳುವುದನ್ನು ನೋಡಿದೆ, ಇದು ಪಾಪ. ಗೊತ್ತಿದ್ದೂ, ಮನಸ್ಸಿಟ್ಟು ಮಾಡಿದೆಯಾ? ಇದೇ ಪ್ರಶ್ನೆ. ಹತ್ತು ಸಣ್ಣ ಘಟನೆ ಹೇಳಿ, ಯಾವುದು ಯಾವ ಗುಂಪಿಗೆ ಅಂತ ಮಕ್ಕಳೇ ಜಗಳ ಮಾಡಲಿ. ನೀವು ಬಾಯಿ ಹಾಕಬೇಡಿ.

ಉದಾಹರಣೆ ನಮ್ಮ ಅಂಗಳದ್ದೇ ಇರಲಿ. ಒಬ್ಬ ಹುಡುಗ ಪಕ್ಕದ ತೋಟದಲ್ಲಿ ಬಿದ್ದ ಗೇರುಬೀಜ ಹೆಕ್ಕಿ, ಅಂಗಡಿಗೆ ಮಾರಿ, ಐಸ್‌ಕ್ಯಾಂಡಿ ತಿಂದ ಅಂತ ಹೇಳಿ ನಿಲ್ಲಿಸಿ. ‘ಬಿದ್ದದ್ದಲ್ವಾ ಟೀಚರ್, ಮರದಿಂದ ಕೊಯ್ದದ್ದಲ್ಲವಲ್ಲ’ ಅಂತ ಒಬ್ಬ ಎದ್ದೇ ಏಳುತ್ತಾನೆ. ‘ಐಸ್‌ಕ್ಯಾಂಡಿ ಕರಗಿಹೋಯ್ತಲ್ಲ, ಇನ್ನು ಹೇಗೆ ವಾಪಸ್ ಕೊಡುವುದು?’ ಅಂತ ಇನ್ನೊಬ್ಬಳು. ಜಕ್ಕಾಯ ಈಗ ಕೆಲಸಕ್ಕೆ ಬರುತ್ತಾನೆ. ಕ್ಷಮೆ ಸಿಕ್ಕಿದರೂ ಕದ್ದದ್ದನ್ನು ಹಿಂತಿರುಗಿಸಬೇಕು ಅನ್ನುವುದು ಧರ್ಮಸಭೆಯ ಬೋಧನೆ. ದುಡ್ಡಿಲ್ಲದವ ಆ ತೋಟದವರಿಗೇ ಒಂದು ಸಂಜೆ ಬೀಜ ಹೆಕ್ಕಿ ಕೊಡಬಹುದು. ಮಲಯಾಳ ಬಾರದೆ ತಡವರಿಸುವ ಸಹಪಾಠಿಯನ್ನು ಅಣಕಿಸುವುದನ್ನೂ ಸೇರಿಸಿ. ಗಡಿಯ ಶಾಲೆಗಳಲ್ಲಿ ಅದು ದಿನವೂ ನಡೆಯುತ್ತದೆ, ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಆದರೆ ‘ನೀನು ಏನು ಮಾಡಿದ್ದಿ ಹೇಳು’ ಅಂತ ಯಾರನ್ನೂ ಕೇಳಬಾರದು. ಪಾಪ ಬರೆಸಿ ಚೀಟಿ ಸಂಗ್ರಹಿಸುವುದಂತೂ ಬೇಡವೇ ಬೇಡ. ಮರೆವಿನ ಮಗು ಬರೆದುಕೊಳ್ಳಲಿ, ಆಮೇಲೆ ತಾನೇ ಹರಿದು ಹಾಕಲಿ. ಮತ್ತೊಂದನ್ನು ಬಿಡಿಸಿ ಹೇಳಿ: ದೊಡ್ಡವರು ನಿನಗೆ ಮಾಡಿದ ಕೆಟ್ಟದ್ದು ನಿನ್ನ ಪಾಪ ಅಲ್ಲ. ಅದನ್ನು ನಂಬಿಕೆಯವರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ಮೂರನೆಯದು ಕ್ರಮ. ಶಿಲುಬೆಯ ಗುರುತು, ‘ಇದು ನನ್ನ ಮೊದಲ ಪಾಪನಿವೇದನೆ’ ಎಂಬ ಮಾತು, ಪಾಪಗಳು, ಫಾದರ್ ಹೇಳುವ ಬುದ್ಧಿಮಾತು ಮತ್ತು ಪ್ರಾಯಶ್ಚಿತ್ತ (ಆಮೇಲೆ ಮಾಡಬೇಕಾದ ಪ್ರಾರ್ಥನೆಯೋ ಸಣ್ಣ ಕೆಲಸವೋ), ಪಶ್ಚಾತ್ತಾಪದ ಪ್ರಾರ್ಥನೆ, ಪಾಪಕ್ಷಮೆ, ಆಮೆನ್. ಖಾಲಿ ಚರ್ಚಿನಲ್ಲಿ ಎರಡು ಸಲ ನಡೆಸಿ ತೋರಿಸಿ, ಮುಗಿಯಿತು. ಅಭ್ಯಾಸಕ್ಕೆ ಮಕ್ಕಳ ನಿಜವಾದ ಪಾಪ ಬೇಡ, ಆ ಗೇರುಬೀಜದ ಹುಡುಗನದ್ದೇ ಸಾಕು. ಪ್ರಾರ್ಥನೆಯ ನಡುವೆ ಮರೆತುಹೋದರೆ ‘ಫಾದರ್, ಮರೆತುಹೋಯ್ತು’ ಅನ್ನಲಿ. ಅವರು ಹೇಳಿಕೊಡುತ್ತಾರೆ.

ಭಾಷೆ? ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡವೋ ಮಲಯಾಳವೋ ಇಂಗ್ಲಿಷೋ. ಮಗು ತಮ್ಮನ ಜೊತೆ ಜಗಳ ಮಾಡುವ ಭಾಷೆಯಲ್ಲೇ ಕುಮ್ಸಾರ್ ಆಗಲಿ. ಯಾರು ಯಾವುದರಲ್ಲಿ ಅಂತ ಫಾದರಿಗೆ ಮೊದಲೇ ತಿಳಿಸಿ. ಇಂಗ್ಲಿಷ್ ಪ್ರಾರ್ಥನೆ ಉರು ಹೊಡೆಸುವುದು ಸುಮ್ನೆ ತಾಯ್ತಂದೆಯರ ಖುಷಿಗೆ.

ದೊತೊರ್ನ್ ಪುಸ್ತಕದ ಎಲ್ಲ ಪ್ರಶ್ನೋತ್ತರ ಬಾಯಿಗೆ ಬರದಿದ್ದರೆ ಮಗುವನ್ನು ತಡೆಹಿಡಿಯಬೇಡಿ. ಪೋಪ್ ಹತ್ತನೇ ಪಿಯುಸ್ 1910ರಲ್ಲೇ ಇದಕ್ಕೆ ಬುದ್ಧಿ ತಿಳಿಯುವ ವಯಸ್ಸು, ಅಂದರೆ ಸುಮಾರು ಏಳು, ಸಾಕು ಎಂದರು. ಪೂರ್ತಿ ಧರ್ಮೋಪದೇಶ ಗೊತ್ತಿರಬೇಕೆಂದು ಅವರೂ ಕೇಳಲಿಲ್ಲ.

ಕೊನೆಗೆ ಮನೆಯವರು. ಅವರನ್ನು ಒಮ್ಮೆ ಕರೆಸಿ ಹೀಗೆ ಹೇಳಿ. ಕುಮ್ಸಾರಿನಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ, ಬೇಕೂಂತಲೇ ಹೇಳಿದರೆ ಧರ್ಮಸಭೆಯಿಂದ ಬಹಿಷ್ಕಾರ. ಹಾಗಿರುವಾಗ ಗೇಟಿನ ಹತ್ತಿರ ‘ಏನೆಲ್ಲ ಹೇಳಿದ್ದಿ ಮಗಾ?’ ಅಂತ ಅಜ್ಜಿ ಕೇಳಬಾರದು ಅಲ್ವಾ? ಪ್ರಾಯಶ್ಚಿತ್ತ ಏನು ಸಿಕ್ಕಿತು ಅಂತಲೂ ಕೇಳಬೇಡಿ. ಮಗು ಬೆಂಚಿನಲ್ಲಿ ಕೂತು ಅದನ್ನು ಮುಗಿಸುವವರೆಗೆ ಹೊರಗೆ ಕಾಯಿರಿ. ಫೋಟೋಗ್ರಾಫರನ್ನು ಪರಮಪ್ರಸಾದದ ದಿನಕ್ಕೆ ಮಾತ್ರ ಕರೆಯಿರಿ.