ಈರುಳ್ಳಿಯ ಕತ್ತು ಬಾಗುವವರೆಗೆ

ಮೊದಲ ಸಲ ಈರುಳ್ಳಿ ಹಾಕಿದಾಗ ಎಲೆಗಳು ಮೊಣಕಾಲೆತ್ತರಕ್ಕೆ ಬೆಳೆದಿದ್ದವು. ಕಡುಹಸಿರು, ಕೊಬ್ಬಿದ ಎಲೆಗಳು. ಕೆಳಗೆ ಒಳ್ಳೆ ಗಡ್ಡೆ ಇರುತ್ತದೆ ಅಂತಲೇ ನಂಬಿದ್ದೆ. ಕಿತ್ತು ನೋಡಿದರೆ ಹೆಬ್ಬೆರಳು ದಪ್ಪದ ಕತ್ತು ಅಷ್ಟೇ. ಗಡ್ಡೆ ಅನ್ನುವಂಥದ್ದೇ ಇರಲಿಲ್ಲ. ನಾಲ್ಕು ತಿಂಗಳು ಕಾದಿದ್ದೆ, ತುಂಬಾ ಬೇಜಾರಾಯಿತು.

ಬೀಜದ ಪ್ಯಾಕೆಟ್ ಇನ್ನೂ ಇತ್ತು. ಹಿಂಬದಿ ಓದಿದಾಗಲೇ ಗೊತ್ತಾಗಿದ್ದು, ಅದು ಉದ್ದ ಹಗಲಿನ ತಳಿ. ಈರುಳ್ಳಿ ಗಡ್ಡೆ ಕಟ್ಟಲು ಶುರುಮಾಡುವುದು ಹಗಲಿನ ಉದ್ದ ನೋಡಿಕೊಂಡು. ಕೆಲವು ತಳಿಗಳಿಗೆ 10ರಿಂದ 12 ಗಂಟೆ ಬೆಳಕು ಸಾಕು. ಇನ್ನು ಕೆಲವಕ್ಕೆ 14 ಗಂಟೆಗಿಂತ ಜಾಸ್ತಿ ಬೇಕು. ಅಷ್ಟು ಸಿಗದಿದ್ದರೆ ಸುಮ್ನೆ ಎಲೆ ಬಿಡುತ್ತಾ ಹೋಗುತ್ತವೆ. ನಾನು ಪ್ಯಾಕೆಟ್ ಮೇಲಿನ ಚಿತ್ರ ನೋಡಿ ತಂದಿದ್ದೆ. ಸಾಲದ್ದಕ್ಕೆ ಕೊನೆಯವರೆಗೂ ಗೊಬ್ಬರ ಕೊಡುತ್ತಲೇ ಇದ್ದೆ, ಆಲೂಗಡ್ಡೆಗೆ ಮಾಡುವ ಹಾಗೆ ಬುಡಕ್ಕೆ ಮಣ್ಣನ್ನೂ ಏರಿಸಿದ್ದೆ.

ಈರುಳ್ಳಿ ಬೇರಲ್ಲ, ಎಲೆಗಳ ಬುಡವೇ ಊದಿಕೊಂಡು ಗಡ್ಡೆಯಾಗುವುದು. ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ಗಡ್ಡೆ ಕಟ್ಟುವ ಮೊದಲು ಎಲೆ ಎಷ್ಟು ಚೆನ್ನಾಗಿ ಬಂದಿರುತ್ತದೋ ಅಷ್ಟು ಪದರ. ಹಾಗಾಗಿ ಗೊಬ್ಬರವೆಲ್ಲ ಮೊದಲ ಅರ್ಧದಲ್ಲೇ ಮುಗಿಯಬೇಕು.

ಎರಡನೇ ಸಲ ಕಡಿಮೆ ಹಗಲು ಸಾಕಾಗುವ ತಳಿಯ ಹೊಸ ಬೀಜವನ್ನೇ ತಂದೆ. ಈರುಳ್ಳಿ ಬೀಜ ಹಳೆಯದಾದರೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಆರೇಳು ವಾರಕ್ಕೆ ಸಸಿ ಪೆನ್ಸಿಲ್‌ಗಿಂತ ಸ್ವಲ್ಪ ತೆಳ್ಳಗಿದ್ದಾಗ ಕಿತ್ತು, 10 ಸೆಂಟಿಮೀಟರ್ ಅಂತರ ಕೊಟ್ಟು ನೆಟ್ಟೆ. ಬೇರು ಮುಚ್ಚುವಷ್ಟೇ ಆಳ. ಎರಡು ದಿನ ಎಲ್ಲವೂ ಅಡ್ಡಡ್ಡ ಮಲಗಿದ್ದವು. ಗಾಬರಿಯಾಗಬೇಡಿ, ತಾವಾಗಿಯೇ ಏಳುತ್ತವೆ. ಬೇರು ಮೇಲೆಮೇಲೆಯೇ ಇರುವುದರಿಂದ ನೀರು ಸ್ವಲ್ಪ ಸ್ವಲ್ಪ, ಆಗಾಗ ಬೇಕು. ಕಳೆಯನ್ನಂತೂ ಬಿಡಲೇಬೇಡಿ. ಈರುಳ್ಳಿಯ ಎಲೆ ನೆಲಕ್ಕೆ ನೆರಳು ಕೊಡುವುದಿಲ್ಲ, ಹಾಗಾಗಿ ಕಳೆಗೆ ಹಬ್ಬ. ನಾನು ಕೈಯಲ್ಲೇ ಕೀಳುತ್ತೇನೆ, ಗುದ್ದಲಿ ತಾಗಿದರೆ ಬೇರು ಹರಿದುಹೋಗುತ್ತದೆ.

ಗಡ್ಡೆ ಊದಲು ಶುರುವಾದ ದಿನ ನನಗಿನ್ನೂ ನೆನಪಿದೆ. ಬುಡದ ಸುತ್ತ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. ಬೆರಳಿನಿಂದ ಮೆಲ್ಲಗೆ ಸರಿಸಿದೆ, ಕೆಂಪು ಭುಜ ಕಾಣಿಸಿತು. ಮಣ್ಣನ್ನು ಮತ್ತೆ ಮುಚ್ಚಲಿಲ್ಲ. ಈರುಳ್ಳಿ ಅರ್ಧಕ್ಕರ್ಧ ನೆಲದ ಮೇಲೆ ಕೂತೇ ಬೆಳೆಯಬೇಕು. ಅವತ್ತಿನಿಂದ ಗೊಬ್ಬರ ಬಂದ್.

ಕ್ಯಾರೆಟ್ ಇದಕ್ಕೆ ಪೂರ್ತಿ ಉಲ್ಟಾ. ಅದರ ಭುಜ ಬಿಸಿಲಿಗೆ ಬಿದ್ದರೆ ಹಸಿರಾಗಿ ಕಹಿಯಾಗುತ್ತದೆ, ಮಣ್ಣು ಮುಚ್ಚಲೇಬೇಕು. ಸಸಿ ಮಾಡಿ ಕಿತ್ತು ನೆಡುವ ಹಾಗೂ ಇಲ್ಲ, ಬೇರಿನ ತುದಿಗೆ ಪೆಟ್ಟಾದರೆ ಎರಡು ಮೂರು ಕವಲು ಒಡೆಯುತ್ತದೆ. ಕಲ್ಲು ಅಡ್ಡ ಬಂದರೂ, ಹಸಿ ಗೊಬ್ಬರ ಹಾಕಿದರೂ ಅಷ್ಟೇ. ಒಂದು ಅಡಿ ಆಳಕ್ಕೆ ಮಣ್ಣು ಅಗೆದು, ಜರಡಿ ಹಿಡಿದು, ಮರಳು ಬೆರೆಸಿದ ವರ್ಷವೇ ನನಗೆ ನೇರವಾದ ಕ್ಯಾರೆಟ್ ಸಿಕ್ಕಿದ್ದು. ಮೊಳಕೆಗೆ ಎರಡು ವಾರ, ಕೆಲವು ಸಲ ಮೂರು ವಾರವೂ ಆಗುತ್ತದೆ. ಅಲ್ಲಿಯವರೆಗೆ ಮೇಲ್ಮಣ್ಣು ಒಣಗಬಾರದು. ಒದ್ದೆ ಗೋಣಿಚೀಲ ಹೊದಿಸಿ, ದಿನಾ ಬೆಳಿಗ್ಗೆ ಎತ್ತಿ ನೋಡುತ್ತಿದ್ದೆ. ಮೊದಲ ಹಸಿರು ಎಳೆ ಕಂಡ ಕೂಡಲೇ ಚೀಲ ತೆಗೆದುಬಿಡಬೇಕು.

ಮೂಲಂಗಿ ತಿಂಗಳೊಪ್ಪತ್ತಿನ ಬೆಳೆ. ಬಲಿತ ಮೇಲೆ ಬಿಟ್ಟರೆ ಒಳಗೆ ಬೆಂಡಾಗುತ್ತದೆ, ಅಷ್ಟು ನೆನಪಿಟ್ಟುಕೊಂಡರೆ ಸಾಕು. ಬೀಟ್‌ರೂಟ್‌ನಲ್ಲಿ ಒಂದು ವಿಷಯ ಇದೆ. ನಾವು ಬೀಜ ಅಂದುಕೊಳ್ಳುವ ಆ ಒರಟು ಉಂಡೆ ಹಲವು ಬೀಜಗಳ ಗೊಂಚಲು. ಒಂದೇ ಕಡೆ ಮೂರು ನಾಲ್ಕು ಸಸಿ ಏಳುತ್ತವೆ. ಒಂದನ್ನು ಬಿಟ್ಟು ಉಳಿದವನ್ನು ತೆಗೆಯಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಚೆನ್ನಾಗಿ ಬಂದ ಸಸಿಯನ್ನು ಕೀಳಲು ಮನಸ್ಸು ಬರಲ್ಲ, ಅಲ್ವಾ? ನನಗೂ ಬರುತ್ತಿರಲಿಲ್ಲ. ಒಂದು ಸಾಲನ್ನು ಹಾಗೇ ಬಿಟ್ಟೆ, ಅಲ್ಲಿ ಬಂದದ್ದು ಬಾಲದಂಥ ಬೇರುಗಳು ಮಾತ್ರ. ಈಗ ಸಣ್ಣ ಕತ್ತರಿ ಹಿಡಿದು ಬುಡದಲ್ಲೇ ಕತ್ತರಿಸುತ್ತೇನೆ. ಕಿತ್ತರೆ ಪಕ್ಕದ ಬೇರೂ ಅಲುಗಾಡುತ್ತದೆ. ಆ ಎಳೆ ಸೊಪ್ಪು ತಿನ್ನಲು ಬಹಳ ರುಚಿ.

ಈರುಳ್ಳಿ ಕೀಳುವ ದಿನವನ್ನು ಗಿಡವೇ ಹೇಳಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಐದಾರು ಗಿಡಗಳ ಕತ್ತು ಮೆತ್ತಗಾಗಿ ಎಲೆ ನೆಲಕ್ಕೆ ಬಿದ್ದಿತ್ತು. ನೀರು ನಿಲ್ಲಿಸಿದೆ. ಅರ್ಧಕ್ಕಿಂತ ಹೆಚ್ಚು ಬಿದ್ದ ಮೇಲೆ ಒಣದಿನ ನೋಡಿ ಕಿತ್ತೆ. ಎಲೆ ಸಮೇತ, ಗಾಳಿಯಾಡುವ ನೆರಳಲ್ಲಿ ಎರಡೂವರೆ ವಾರ ಹರಡಿಟ್ಟೆ. ಕತ್ತು ಪೂರ್ತಿ ಒಣಗಿ, ಮೇಲಿನ ಸಿಪ್ಪೆ ಮುಟ್ಟಿದರೆ ಕಾಗದದಂತೆ ಸರಸರ ಸದ್ದು ಮಾಡಬೇಕು. ಆಮೇಲೆ ಎರಡು ಬೆರಳಗಲ ಕತ್ತು ಬಿಟ್ಟು ಕತ್ತರಿಸಿ ಬಲೆಚೀಲಕ್ಕೆ ತುಂಬಿದೆ. ಕತ್ತು ದಪ್ಪಗಿದ್ದವನ್ನೂ ಹೂದಂಟು ಬಂದವನ್ನೂ ಬೇರೆ ಬುಟ್ಟಿಗೆ ಹಾಕಿ ಅಡುಗೆಮನೆಯಲ್ಲಿಟ್ಟೆ. ಅವು ಬೇಗ ಕೊಳೆಯುತ್ತವೆ, ಹಾಗಾಗಿ ಮೊದಲು ಅವನ್ನೇ ಖಾಲಿ ಮಾಡಿದೆವು.